ಮರಿಯನ್ನು ಕೊಳ್ಳುವ ಮುನ್ನ

ಎತ್ತು ಕೊಳ್ಳಲು ಸಂತೆಗೆ ಹೊರಟ ಚಿಮ್ಮಡದ ರೈತನು ಬರಿಯ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಅದರ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಪರೀಕ್ಷಿಸುತ್ತಾನೆ. ಅದು ಯಾರ ಮನೆಯ ಕೊಟ್ಟಿಗೆಯದೆಂದು ವಿಚಾರಿಸುತ್ತಾನೆ. ರಬಕವಿ-ಬನಹಟ್ಟಿಯ ನೇಕಾರನು ನೂಲಿನ ಗುಣವನ್ನು ನೋಡದೆ ಮಗ್ಗಕ್ಕೆ ಏರಿಸುವುದಿಲ್ಲ. ಇಷ್ಟು ವಿವೇಕವುಳ್ಳ ನಾಡಿನಲ್ಲಿಯೂ ನಾಯಿಮರಿಯನ್ನು ಕೊಳ್ಳುವಾಗ ಮಾತ್ರ ಜನರು ಮುದ್ದುಮುಖವೊಂದನ್ನು ಕಂಡು ಹಣ ಎಣಿಸಿಬಿಡುವುದು ಸೋಜಿಗವೇ ಸರಿ.

ಚಿಮ್ಮಡಕ್ಕೆ ನೆರೆಯದಾದ ಮುಧೋಳದ ಹೆಸರನ್ನೇ ಹೊತ್ತ ನಾಯಿಯ ತಳಿಯೊಂದುಂಟು. ನೀಳವಾದ ಮೋರೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದನೆಯ ಕಾಲುಗಳು ಇದರ ಲಕ್ಷಣ. ದೂರದ ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟುವ ಜಾತಿಯಿದು. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಉತ್ತಮ ನಾಯಿಗಳನ್ನು ಆರಿಸಿ, ಸಾಕಿ, ತಳಿಯನ್ನು ಉಳಿಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಈ ನಾಯಿಗಳ ಜೋಡಿಯೊಂದನ್ನು ಅವರು ಕಾಣಿಕೆಯಾಗಿ ಕೊಟ್ಟ ಸಂಗತಿ ಪ್ರಸಿದ್ಧವಾಗಿದೆ. 2005ರಲ್ಲಿ ಭಾರತದ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಇದರ ಮರಿಗಳು ತರಬೇತಿಗಾಗಿ ಮೀರತ್ತಿನ ಸೇನಾಕೇಂದ್ರವನ್ನು ಸೇರಿದವು.

ಕೀರ್ತಿ ಬಂದೆಡೆಗೆ ಕಪಟವೂ ಬರುತ್ತದೆ. ಬೆರಕೆಯ ಮರಿಗೆ ಶುದ್ಧ ತಳಿಯೆಂಬ ಹೆಸರಿಟ್ಟು ಮಾರುವುದು, ತಾಯಿಹಾಲು ಬಿಡದ ಎಳೆಮರಿಯನ್ನು ಅಗಲಿಸಿ ದೂರದ ಊರಿಗೆ ಸಾಗಿಸುವುದು, ಒಂದೇ ಹೆಣ್ಣುನಾಯಿಯಿಂದ ಬಿಡುವಿಲ್ಲದೆ ಈಯಿಸುವುದು, ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸುವುದು — ಇವೆಲ್ಲ ಹಣದಾಸೆಯ ಫಲ. ಅವುಗಳ ನೋವನ್ನು ಉಣ್ಣುವುದು ಮಾತ್ರ ಮಾತು ಬಾರದ ಜೀವ.

ಪ್ರಾಮಾಣಿಕ ಸಾಕಣೆದಾರನನ್ನು ಗುರುತಿಸುವುದು ಕಷ್ಟವಲ್ಲ. ಅವನು ಮರಿಯನ್ನು ಬಸ್‌ನಿಲ್ದಾಣದಲ್ಲಿ ಕೈಗಿಡುವುದಿಲ್ಲ. ಮನೆಗೆ ಕರೆದು ತಾಯಿನಾಯಿಯನ್ನು ತೋರಿಸುತ್ತಾನೆ. ಅದರ ಮೈಕಟ್ಟು, ಸ್ವಭಾವ, ಇರುವ ಜಾಗದ ಶುಚಿತ್ವಗಳು ಅವನ ಪರವಾಗಿ ಸಾಕ್ಷಿ ನುಡಿಯುತ್ತವೆ. ಜಂತುನಾಶಕ ಕೊಟ್ಟ, ಲಸಿಕೆ ಹಾಕಿಸಿದ ದಿನಾಂಕಗಳ ಚೀಟಿ ಅವನಲ್ಲಿರುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದೂ ಸಾಕಣೆದಾರನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂದೂ 2017ರ ಕೇಂದ್ರ ನಿಯಮಗಳು ವಿಧಿಸುತ್ತವೆ. ಎಲ್ಲಕ್ಕೂ ಮಿಗಿಲಾಗಿ, ಅವನು ಕೊಳ್ಳುವವನನ್ನೇ ಪ್ರಶ್ನಿಸುತ್ತಾನೆ: ಓಡಾಡಲು ಬಯಲಿದೆಯೇ? ಹಗಲಿಡೀ ಕಟ್ಟಿಹಾಕುವಿರಾ? ಓಟವೇ ಉಸಿರಾದ ಈ ನಾಯಿಯನ್ನು ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕುವವನಿಗೆ ಮರಿ ಕೊಡಲಾರೆನೆನ್ನುವ ಸಾಕಣೆದಾರನೇ ನಂಬಿಕೆಗೆ ಅರ್ಹನು.

“ಬಡವನೊಬ್ಬನು ಹಿತ್ತಲಲ್ಲಿ ಮರಿ ಸಾಕಿ ಹೊಟ್ಟೆ ಹೊರೆಯುತ್ತಾನೆ, ಅವನಲ್ಲಿ ಇಷ್ಟೆಲ್ಲ ಕೇಳುವುದು ತರವೇ?” ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಕರುಣೆಯಿದೆ. ಆದರೆ ವಿಚಾರ ಸಾಲದು. ಮುಧೋಳದ ಸುತ್ತಲಿನ ಎಷ್ಟೋ ಕುಟುಂಬಗಳಿಗೆ ಮರಿ ಸಾಕಣೆ ಜೀವನಕ್ಕೆ ಆಸರೆಯಾಗಿರುವುದು ನಿಜ. ಒಳ್ಳೆಯ ಆರೈಕೆಗೆ ಹಣ ಬೇಕು, ಶ್ರಮ ಬೇಕು. ಏನನ್ನೂ ಕೇಳದೆ ಅಗ್ಗದ ಬೆಲೆಯನ್ನಷ್ಟೇ ಹುಡುಕುವ ಗಿರಾಕಿಯಿಂದ ಮೊದಲು ಸೋಲುವವನು ಆ ಪ್ರಾಮಾಣಿಕ ಬಡವನೇ. ಒಮ್ಮೆ ಊರಿನ ಹೆಸರು ಕೆಟ್ಟರೆ ಎಲ್ಲರ ಅನ್ನಕ್ಕೂ ಕುತ್ತು. ತಿಳಿಯದವರಿಗೆ ತಿಳಿಹೇಳಲು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ.

ತಳಿಯ ಹೆಮ್ಮೆ ಬೇಡದೆ ಗೆಳೆತನವಷ್ಟೇ ಬೇಕಾದವನು ಬೀದಿಯ ಅನಾಥ ಮರಿಯೊಂದನ್ನು ಮನೆಗೆ ತರಲಿ. ಅದರ ನಿಷ್ಠೆಯೇನೂ ಕಡಿಮೆಯದಲ್ಲ. ತಳಿಯ ಮರಿಯೇ ಬೇಕೆನ್ನುವವನಾದರೋ ಅದು ಹುಟ್ಟಿದ ಮನೆಯನ್ನು ಮೊದಲು ನೋಡಲಿ. ನೂಲಿನಂತೆ ಸೀರೆ ಎಂಬುದು ಮಗ್ಗದ ಊರಿನವರಿಗೆ ಹೊಸ ಮಾತಲ್ಲ. ಮಾರುವವನ ಪ್ರಾಮಾಣಿಕತೆ ಉಳಿಯುವುದು ಕೊಳ್ಳುವವನ ಎಚ್ಚರದಿಂದ. ದೊರೆಯೊಬ್ಬನು ಆರಿಸಿ ಉಳಿಸಿದ ತಳಿಯನ್ನು ಇಂದು ಉಳಿಸಬೇಕಾದವರು, ಮರಿಯ ಬೆಲೆಯನ್ನು ಕೇಳುವ ಮೊದಲು ಅದರ ತಾಯಿಯನ್ನು ತೋರಿಸೆಂದು ಕೇಳಬಲ್ಲ ಸಾಮಾನ್ಯ ಜನರೇ.