ಕನ್ನಡ ವಿಕಿಪೀಡಿಯಕ್ಕೆ ಕಾವಲು ಬೇಕಾಗಿರುವುದು ಈಗ

ಕನ್ನಡದಲ್ಲಿ ಒಂದು ಊರನ್ನೋ ಸಾಹಿತಿಯನ್ನೋ ಕಾಯಿಲೆಯನ್ನೋ ಮೊಬೈಲಿನಲ್ಲಿ ಹುಡುಕಿದರೆ ಮೊದಲು ಕಾಣುವ ಉತ್ತರಗಳಲ್ಲಿ ಬಹುಮಟ್ಟಿಗೆ ಕನ್ನಡ ವಿಕಿಪೀಡಿಯದ ಪುಟವೂ ಇರುತ್ತದೆ. 2003ರಲ್ಲಿ ಶುರುವಾದ ಈ ವಿಶ್ವಕೋಶದಲ್ಲಿ ಇಂದು 30,000ಕ್ಕೂ ಹೆಚ್ಚು ಲೇಖನಗಳಿವೆ. ಶಾಲೆಯ ಮಕ್ಕಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಆತುರದಲ್ಲಿರುವ ವರದಿಗಾರರು ಎಲ್ಲರೂ ಇಲ್ಲಿಂದ ಮಾಹಿತಿ ಎತ್ತಿಕೊಳ್ಳುತ್ತಾರೆ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಕನ್ನಡ ಕಲಿಯುವುದಕ್ಕೂ ಇದೇ ಪಠ್ಯ ಬಳಕೆಯಾಗುತ್ತಿದೆ. ಆದರೆ ಇಷ್ಟು ಜನ ನಂಬುವ ಪುಟಗಳನ್ನು ದಿನವೂ ಕಾಯುವ ಸ್ವಯಂಸೇವಕರು ಬೆರಳೆಣಿಕೆಯಷ್ಟು. ಸ್ವಂತ ಲಾಭವನ್ನು ಮುಚ್ಚಿಟ್ಟು ಬರೆಯುವವರು ಮತ್ತು ಪರರ ಬರಹವನ್ನು ತಂದು ಅಂಟಿಸುವವರು ಇಲ್ಲಿಗೆ ಗುಂಪುಗುಂಪಾಗಿ ಬರುವ ಮೊದಲೇ ನಾವು ಎಚ್ಚೆತ್ತುಕೊಳ್ಳಬೇಕು.

ಇದು ಊಹೆಯ ಭಯವಲ್ಲ. 2015ರ ಆಗಸ್ಟ್‌ನಲ್ಲಿ ಇಂಗ್ಲಿಷ್ ವಿಕಿಪೀಡಿಯ ಒಂದೇ ಜಾಲಕ್ಕೆ ಸೇರಿದ 381 ಬೇನಾಮಿ ಖಾತೆಗಳನ್ನು ನಿರ್ಬಂಧಿಸಿ, ಅವು ಸೃಷ್ಟಿಸಿದ್ದ 210 ಲೇಖನಗಳನ್ನು ಅಳಿಸಿಹಾಕಿತು. ಸಣ್ಣ ವ್ಯಾಪಾರಿಗಳಿಂದಲೂ ಕಲಾವಿದರಿಂದಲೂ ಹಣ ಪಡೆದು ಲೇಖನ ಹಾಕುವುದು, ಆಮೇಲೆ ಅದನ್ನು 'ಉಳಿಸಿಕೊಡಲು' ಮತ್ತೆ ಹಣ ಕೇಳುವುದು ಆ ಜಾಲದ ದಂಧೆಯಾಗಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಅಲ್ಲಿನ ಮಧ್ಯಸ್ಥಿಕೆ ಸಮಿತಿ ಒಬ್ಬ ನಿರ್ವಾಹಕರನ್ನು ಹುದ್ದೆಯಿಂದ ಇಳಿಸಿ ಹೊರಹಾಕಿತು. ಐಐಪಿಎಂ ಎಂಬ ಮ್ಯಾನೇಜ್‌ಮೆಂಟ್ ಶಿಕ್ಷಣ ಸಂಸ್ಥೆಯ ಕುರಿತ ಪುಟಗಳನ್ನು ಅವರು ವರ್ಷಗಟ್ಟಲೆ ಪಕ್ಷಪಾತದಿಂದ ತಿದ್ದಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಪುಟಗಳನ್ನು ನಂಬಿ ಕೋರ್ಸ್ ಆಯ್ದುಕೊಂಡ ವಿದ್ಯಾರ್ಥಿಗಳಿದ್ದರೆ ಅವರ ಶುಲ್ಕವನ್ನಾಗಲಿ ವರ್ಷಗಳನ್ನಾಗಲಿ ಯಾವ ಸಮಿತಿಯೂ ಹಿಂದಿರುಗಿಸಲಾರದು.

ಕೆಡಿಸಲು ದುರುದ್ದೇಶವೇ ಬೇಕೆಂದಿಲ್ಲ. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪಠ್ಯದ ಭಾಗವಾಗಿ ವಿಕಿಪೀಡಿಯ ಲೇಖನ ಬರೆಯುವ ಯೋಜನೆ ಆರಂಭವಾಯಿತು. ಉದ್ದೇಶ ಒಳ್ಳೆಯದೇ. ಆದರೆ ತರಬೇತಿ ಸಾಲಲಿಲ್ಲ. ಎಷ್ಟೋ ಮಂದಿ ಪುಸ್ತಕ ಮತ್ತು ಜಾಲತಾಣಗಳಿಂದ ಸಾಲುಗಳನ್ನು ಹಾಗೆಯೇ ನಕಲು ಮಾಡಿ ಹಾಕಿದರು. ಅದನ್ನು ತೆಗೆದು ಶುಚಿ ಮಾಡುವ ಹೊರೆ ಸ್ವಯಂಸೇವಕರ ಮೇಲೆ ಬಿತ್ತು. ಯೋಜನೆ ಆ ವರ್ಷದ ಕೊನೆಗೆ ನಿಂತುಹೋಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಗೂಗಲ್‌ನ ಅನುವಾದ ಯೋಜನೆಯಡಿ, ಸಂಭಾವನೆ ಪಡೆದ ಅನುವಾದಕರು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಉದ್ದುದ್ದ ಲೇಖನಗಳನ್ನು ತಂದು ಸುರಿದರು. ಸಂಖ್ಯೆ ಏರಿತು, ಓದಿದರೆ ಅರ್ಥವಾಗದ ವಾಕ್ಯಗಳೂ ಜೊತೆಗೆ ಬಂದವು.

ದೊಡ್ಡ ಭಾಷೆಗೂ ಸಣ್ಣ ಸಮುದಾಯಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಇಂಗ್ಲಿಷಿನಲ್ಲಿ 381 ಖಾತೆ ಹಿಡಿಯಲು ಜನರಿದ್ದರು. ಕ್ರೊಯೇಷಿಯನ್ ವಿಕಿಪೀಡಿಯವನ್ನು ಒಂದು ಸಣ್ಣ ನಿರ್ವಾಹಕರ ಗುಂಪು ಸುಮಾರು ಒಂದು ದಶಕ ಕೈವಶ ಮಾಡಿಕೊಂಡು ಇತಿಹಾಸವನ್ನು ತಿರುಚಿತ್ತು ಎಂದು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ವರದಿಯೇ 2021ರಲ್ಲಿ ಹೇಳಿತು. ಭಾಷೆ ಬಾರದವರು ಯಂತ್ರಾನುವಾದದಿಂದ ತುಂಬಿದ್ದ ಗ್ರೀನ್‌ಲ್ಯಾಂಡಿನ ಭಾಷೆಯ ವಿಕಿಪೀಡಿಯವನ್ನು ಮುಚ್ಚುವ ತೀರ್ಮಾನ 2025ರಲ್ಲಿ ಆಯಿತು. ಕನ್ನಡ ಅಷ್ಟು ಸಣ್ಣ ಭಾಷೆಯಲ್ಲ, ನಿಜ. 2011ರ ಜನಗಣತಿಯ ಪ್ರಕಾರ ನಾಲ್ಕು ಕೋಟಿಗೂ ಹೆಚ್ಚು ಜನರ ತಾಯ್ನುಡಿ ಇದು. ಓದುಗರು ಕೋಟಿಗಟ್ಟಲೆ ಇದ್ದು ಕಾಯುವವರು ಕೆಲವರೇ ಆದಾಗ ಪ್ರಚಾರ ಬಯಸುವವರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗದು. 2028ರಲ್ಲಿ ಬರಬೇಕಾದ ವಿಧಾನಸಭಾ ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗಳ ಪುಟಗಳನ್ನು ಯಾರು ತಿದ್ದುತ್ತಿರುತ್ತಾರೆ, ಯಾರು ನೋಡುತ್ತಿರುತ್ತಾರೆ ಎಂಬ ಪ್ರಶ್ನೆಯನ್ನು ಇಂದೇ ಕೇಳಿಕೊಳ್ಳಬೇಕು.

ನಿಯಮಗಳಿಗೆ ಕೊರತೆಯಿಲ್ಲ. 2014ರ ಜೂನ್‌ನಲ್ಲಿ ತಿದ್ದುಪಡಿಯಾದ ವಿಕಿಮೀಡಿಯದ ಬಳಕೆಯ ಷರತ್ತುಗಳ ಪ್ರಕಾರ, ಹಣ ಪಡೆದು ಸಂಪಾದಿಸುವವರು ತಮ್ಮ ಉದ್ಯೋಗದಾತ ಯಾರು, ಯಾರ ಪರವಾಗಿ ಬರೆಯುತ್ತಿದ್ದೇವೆ, ಯಾವ ಸಂಸ್ಥೆಗೆ ಸೇರಿದವರು ಎಂಬುದನ್ನು ಬಹಿರಂಗಪಡಿಸಲೇಬೇಕು. ಸದಸ್ಯ ಪುಟದಲ್ಲಿ, ಚರ್ಚೆ ಪುಟದಲ್ಲಿ ಅಥವಾ ಸಂಪಾದನೆಯ ಸಾರಾಂಶದಲ್ಲಿ ಇದನ್ನು ಬರೆಯಬಹುದು. ಈ ಷರತ್ತು ಕನ್ನಡಕ್ಕೂ ಅನ್ವಯಿಸುತ್ತದೆ. ಹಣದ ಮಾತು ಇರದಿದ್ದರೂ ತನ್ನ ಬಗ್ಗೆ, ತಂದೆಯ ಬಗ್ಗೆ, ತಾನು ಕೆಲಸ ಮಾಡುವ ಕಾಲೇಜಿನ ಬಗ್ಗೆ, ತಾನು ನಡೆದುಕೊಳ್ಳುವ ಮಠದ ಬಗ್ಗೆ, ತನ್ನ ಮೆಚ್ಚಿನ ನಟನ ಬಗ್ಗೆ ಬರೆಯುವಾಗ ಕೈ ವಾಲುತ್ತದೆ. ಅಂಥವರು ಪುಟವನ್ನು ನೇರವಾಗಿ ಮುಟ್ಟದೆ, ಬೇಕಾದ ಬದಲಾವಣೆಯನ್ನು ಆಧಾರಸಮೇತ ಚರ್ಚೆ ಪುಟದಲ್ಲಿ ಬರೆದು ಬೇರೆಯವರು ಪರಿಶೀಲಿಸಲಿ ಎಂದು ಕೋರುವುದು ಸರಿಯಾದ ದಾರಿ. ಪ್ರೀತಿ ತಪ್ಪಲ್ಲ. ಅದನ್ನು ಓದುಗರಿಂದ ಮುಚ್ಚಿಡುವುದು ತಪ್ಪು.

ಹಕ್ಕುಸ್ವಾಮ್ಯದ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದೆಲ್ಲ ಎಲ್ಲರ ಸೊತ್ತಲ್ಲ. 1957ರ ಕಾಯ್ದೆಯಂತೆ ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅವರ ಕೃತಿಗಳ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿಎಂಶ್ರೀಯವರ ಬರಹ ಇಂದು ಮುಕ್ತ. ಬೇಂದ್ರೆಯವರದು 2041ರ ಕೊನೆಯವರೆಗೆ, ಕುವೆಂಪು ಅವರದು 2054ರ ಕೊನೆಯವರೆಗೆ ಮುಕ್ತವಲ್ಲ. ಒಂದು ಘಟನೆ ನಡೆದ ವರ್ಷಕ್ಕೆ, ಒಂದು ನದಿಯ ಉದ್ದಕ್ಕೆ ಯಾರ ಹಕ್ಕೂ ಇಲ್ಲ. ಅದನ್ನು ಒಬ್ಬರು ಕಟ್ಟಿಹೇಳಿದ ಮಾತಿಗೆ ಇದೆ. ಇಂಗ್ಲಿಷ್ ಪುಸ್ತಕದ ಪುಟವನ್ನು ಕನ್ನಡಕ್ಕೆ ಅನುವಾದಿಸಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ, ಅನುವಾದದ ಹಕ್ಕೂ ಮೂಲದವರದೇ. ಇಂಗ್ಲಿಷ್ ವಿಕಿಪೀಡಿಯದಿಂದ ಅನುವಾದಿಸಲು ಅನುಮತಿ ಬೇಕಿಲ್ಲ, ಆದರೆ ಮೂಲ ಲೇಖನವನ್ನು ಹೆಸರಿಸಿ ಅಲ್ಲಿನ ಲೇಖಕರಿಗೆ ಋಣ ಸಲ್ಲಿಸಬೇಕು.

ಎರಡೂ ನಿಯಮಗಳು ಕೂಡುವ ಜಾಗವೇ ಅತಿ ಅಪಾಯದ್ದು. ಸಂಸ್ಥೆಯ ಸಿಬ್ಬಂದಿಯೊಬ್ಬರು ಸಂಸ್ಥೆಯ ಜಾಲತಾಣದ 'ನಮ್ಮ ಬಗ್ಗೆ' ಪುಟವನ್ನು ಹಾಗೆಯೇ ತಂದು ವಿಕಿಪೀಡಿಯಕ್ಕೆ ಹಾಕುತ್ತಾರೆ. 'ನಮ್ಮದೇ ಬರಹ, ತಪ್ಪೇನು?' ಎನ್ನುತ್ತಾರೆ. ವಿಕಿಪೀಡಿಯದ ಪಠ್ಯವನ್ನು ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು, ಮಾರಲೂಬಹುದು. ಆ ಮಟ್ಟದ ಮುಕ್ತ ಪರವಾನಗಿಯನ್ನು ಸಂಸ್ಥೆ ಲಿಖಿತವಾಗಿ ಕೊಟ್ಟಿರಬೇಕು. ಕೊಟ್ಟರೂ ಜಾಹೀರಾತಿನ ಮಾತು ವಿಶ್ವಕೋಶದ ಮಾತಾಗುವುದಿಲ್ಲ. 2015ರಲ್ಲಿ ಸಿಕ್ಕಿಬಿದ್ದ ಜಾಲದ ಲೇಖನಗಳಲ್ಲೂ ಪಕ್ಷಪಾತ ಮತ್ತು ನಕಲು ಒಟ್ಟಿಗೇ ಕಂಡಿದ್ದವು. ಈಗ ಕ್ಷಣದಲ್ಲಿ ಪುಟಗಟ್ಟಲೆ ಬರೆದುಕೊಡುವ ಯಂತ್ರಗಳೂ ಬಂದಿವೆ. ಯಾರೂ ಪರಿಶೀಲಿಸದ ಯಂತ್ರದ ಬರಹವನ್ನು ಚರ್ಚೆಯಿಲ್ಲದೆ ತಕ್ಷಣ ಅಳಿಸುವ ನಿಯಮವನ್ನು ಇಂಗ್ಲಿಷ್ ವಿಕಿಪೀಡಿಯ 2025ರಲ್ಲಿ ತಂದಿತು. ಕನ್ನಡದಲ್ಲೂ ಅಂಥ ನಿಯಮ ಬೇಕು.

ಆಗಬೇಕಾದ ಕೆಲಸ ಸ್ಪಷ್ಟವಿದೆ. ಹಿತಾಸಕ್ತಿ ಘೋಷಣೆ, ಹಕ್ಕುಸ್ವಾಮ್ಯ ಮತ್ತು ಯಂತ್ರದ ಬರಹ ಈ ಮೂರರ ಬಗ್ಗೆ ಕನ್ನಡ ವಿಕಿಪೀಡಿಯನ್ನರು 'ಅರಳಿ ಕಟ್ಟೆ' ಎಂಬ ತಮ್ಮ ಚರ್ಚಾ ಪುಟದಲ್ಲಿ ಚರ್ಚಿಸಿ, ಹೊಸಬರಿಗೂ ಅರ್ಥವಾಗುವ ಸರಳ ಕನ್ನಡದಲ್ಲಿ ನಿಯಮ ಬರೆಯಲಿ. ವಿದ್ಯಾರ್ಥಿಗಳಿಂದ ಲೇಖನ ಬರೆಸುವ ಕಾಲೇಜುಗಳು ಲೇಖನಗಳ ಸಂಖ್ಯೆಗೆ ಅಂಕ ಕೊಡುವುದನ್ನು ನಿಲ್ಲಿಸಿ, ಆಧಾರ ಹುಡುಕಿ ಸ್ವಂತ ಮಾತಿನಲ್ಲಿ ಬರೆದದ್ದಕ್ಕೆ ಕೊಡಲಿ. ಪ್ರಚಾರದ ಕೆಲಸ ಮಾಡುವ ಸಂಸ್ಥೆಗಳು, ರಾಜಕಾರಣಿಗಳ ಕಚೇರಿಗಳು ಖಾತೆ ತೆರೆದ ದಿನವೇ ತಮ್ಮ ಸಂಬಂಧವನ್ನು ಬರೆದಿಡಲಿ. ಪತ್ರಿಕೆಗಳವರಾದ ನಾವು ವಿಕಿಪೀಡಿಯದ ಸಾಲನ್ನು ಬಳಸುವ ಮುನ್ನ 'ಇತಿಹಾಸ' ಎಂಬ ಕೊಂಡಿ ಒತ್ತಿ, ಆ ಸಾಲನ್ನು ಯಾರು ಯಾವಾಗ ಸೇರಿಸಿದರು ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು.

ಜ್ಞಾನವನ್ನು ನೇರ ದಾರಿಯಲ್ಲಿ ಹಂಚಿದ ಮಾದರಿಗಳು ನಮ್ಮಲ್ಲೇ ಇವೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿತು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬ ಹಾಗೆಯೇ ಮುಕ್ತಗೊಳಿಸಿತು. ಹಕ್ಕು ಯಾರದೆಂದು ತಿಳಿದು, ಕೇಳಿ, ಹೇಳಿ ಕೊಟ್ಟ ಕೊಡುಗೆಗಳವು. ಉಳಿದ ವಿಶ್ವವಿದ್ಯಾನಿಲಯಗಳು, ಅಕಾಡೆಮಿಗಳು, ಪ್ರಕಾಶಕರು ಈ ದಾರಿ ಹಿಡಿದರೆ ನಕಲು ಮಾಡುವ ನೆಪವೇ ಉಳಿಯದು. ಆದರೆ ಕಾಯುವ ಕೆಲಸವನ್ನು ಇನ್ನೊಬ್ಬರು ಮಾಡಿಕೊಡಲಾರರು. ಕನ್ನಡ ಬಲ್ಲ ಸಾವಿರ ಜನ ತಮ್ಮ ಊರಿನ, ತಮಗೆ ತಿಳಿದ ವಿಷಯದ ಐದೈದು ಪುಟಗಳನ್ನು ವೀಕ್ಷಣಾಪಟ್ಟಿಗೆ ಸೇರಿಸಿಕೊಂಡು ಗಮನಿಸುತ್ತ ಬಂದರೂ ಹಣಕ್ಕೆ ಬರೆಯುವ ಜಾಲಕ್ಕೆ ಇಲ್ಲಿ ನೆಲೆ ಸಿಗುವುದು ಕಷ್ಟ. ಆ ಸಾವಿರ ಜನ ಈ ವರ್ಷವೇ ಮುಂದೆ ಬರಬೇಕು.