ಕಾರ್ಡು ಅಪ್ಪನದು, ಸಿಬಿಲ್ ಯಾರದು?

ಕ್ರೆಡಿಟ್ ಕಾರ್ಡು ಪಡೆದವರ ಮನೆಯವರಿಗೆ ಅದೇ ಖಾತೆಯ ಮೇಲೆ ಬ್ಯಾಂಕು ಕೊಡುವ ಇನ್ನೊಂದು ಕಾರ್ಡೇ ಆ್ಯಡ್-ಆನ್ ಕಾರ್ಡು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ತಿಂಗಳ ಸಂಬಳ ಎಣಿಸುವವರಿಗೆ ಕಾರ್ಡು ಸಿಗುವುದು ಈಗ ಕಷ್ಟವಲ್ಲ. ಅದರ ಬೆನ್ನಿಗೇ ಹೆಂಡತಿಗೋ ಮಗನಿಗೋ ಇನ್ನೊಂದು ಬರುತ್ತದೆ. ಎರಡಕ್ಕೂ ಮಿತಿ ಒಂದೇ, ಬಿಲ್ಲೂ ಒಂದೇ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಆ್ಯಡ್-ಆನ್ ಕಾರ್ಡಿನ ಬಾಕಿಗೂ ಮುಖ್ಯ ಕಾರ್ಡುದಾರನೇ ಹೊಣೆ.

ಹೊಣೆ ಇದ್ದಲ್ಲೇ ದಾಖಲೆ. ಒಂದು ಲಕ್ಷ ಮಿತಿಯ ಕಾರ್ಡಿನಲ್ಲಿ ಮಗ ಮೊಬೈಲು, ಬೈಕಿನ ರಿಪೇರಿ ಎಂದು 70,000 ರೂಪಾಯಿ ಉಜ್ಜಿದರೆ ಅದು ಕಾಣುವುದು ಅಪ್ಪನ ಸಿಬಿಲ್ ವರದಿಯಲ್ಲಿ, ಅಂದರೆ ಸಾಲ-ಪಾವತಿಯ ದಾಖಲೆಯಲ್ಲಿ. ಮಿತಿಯ ಶೇ 30ರೊಳಗೆ ಬಳಸಿದರೆ ಸ್ಕೋರಿಗೆ ಒಳ್ಳೆಯದು ಎಂಬ ಲೆಕ್ಕ ಅಲ್ಲಿಗೆ ತಪ್ಪಿತು. ಗಡುವು ಮೀರಿ 3 ದಿನ ಕಳೆದ ಮೇಲೂ ಕಟ್ಟದಿದ್ದರೆ ಬಾಕಿ ಎಂದೇ ವರದಿಯಾಗುತ್ತದೆ. ಸಿಬಿಲ್ ವರದಿಯಲ್ಲಿ 36 ತಿಂಗಳ ಪಾವತಿಯ ಚರಿತ್ರೆ ತಿಂಗಳುವಾರು ಉಳಿದಿರುತ್ತದೆ.

ಮಗನ ಪಾಲಿಗೆ ಏನು? ಸಿಬಿಲ್ ವರದಿಯಲ್ಲಿ ಪ್ರತಿ ಖಾತೆಯ ಎದುರು ಒಡೆತನದ ಕಾಲಂ ಇರುತ್ತದೆ. ವೈಯಕ್ತಿಕ, ಅಧಿಕೃತ ಬಳಕೆದಾರ, ಜಾಮೀನುದಾರ, ಜಂಟಿ, ಹೀಗೆ ನಾಲ್ಕು ಬಗೆ. ಆ್ಯಡ್-ಆನ್ ಕಾರ್ಡಿನವನು ಎರಡನೆಯ ಬಗೆಗೆ ಸೇರಿದವನು. ಅಮೆರಿಕದಲ್ಲಿ ಮಕ್ಕಳನ್ನು ಹೀಗೆ ಸೇರಿಸಿ ಸ್ಕೋರು ಬೆಳೆಸಿಕೊಡುವುದು ರೂಢಿ. ಅದನ್ನು ಯೂಟ್ಯೂಬಿನಲ್ಲಿ ಕೇಳಿ ಇಲ್ಲೂ ಹಾಗೇ ಎಂದುಕೊಳ್ಳುವವರು ಇದ್ದಾರೆ. ಇಲ್ಲಿ ಬ್ಯಾಂಕು ಆ ಹೆಸರನ್ನು ಸಿಬಿಲ್‌ಗೆ ಕಳಿಸಿದರಷ್ಟೇ ನಮೂದು. ಕಳಿಸದಿದ್ದರೆ ವರ್ಷಗಟ್ಟಲೆ ಉಜ್ಜಿದರೂ ಮಗನ ವರದಿ ಖಾಲಿಯೇ. ಇದನ್ನು ಬ್ಯಾಂಕುಗಳು ಅರ್ಜಿಯಲ್ಲೇ ಬಿಡಿಸಿ ಹೇಳಬೇಕು. ಸ್ವಂತ ಹೆಸರಿನಲ್ಲಿ ಚರಿತ್ರೆ ಬೇಕಾದವರಿಗೆ ಎಫ್‌ಡಿ ಮೇಲೆ ಕಾರ್ಡು ಪಡೆಯುವುದೇ ನೇರ ದಾರಿ.

ಹೆಚ್ಚು ಅಂಜಬೇಕಾದದ್ದು ಉಳಿದ ಬಗೆಗಳಿಗೆ. ತಿ. ನರಸೀಪುರದ ಕಡೆ ಭಾವನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕುವವರು ‘ಬರೀ ಸಹಿ’ ಎಂದೇ ಹಾಕುತ್ತಾರೆ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಭಾವ ಕಂತು ತಪ್ಪಿಸಿದರೆ ಅದು ಜಾಮೀನುದಾರನ ವರದಿಯಲ್ಲೂ ಕಾಣುತ್ತದೆ.

ಇನ್ನೂ ಹಾಳು ಮಾಡುವುದು ಮೈಕ್ರೊಫೈನಾನ್ಸ್ ಕಂಪನಿಗಳು ಮಹಿಳೆಯರ ಗುಂಪುಗಳಿಗೆ ಕೊಡುವ ಸಂಘದ ಸಾಲ. ‘ನಿನ್ ಹೆಸ್ರಲ್ಲಿ ಎತ್ಕೊಡಕ್ಕ, ಕಂತು ನಾನೇ ಕಟ್ತೀನಿ’ ಎಂದು ಪಕ್ಕದ ಮನೆಯವಳು ಕೇಳಿದಾಗ ಇಲ್ಲವೆನ್ನಲು ದಾಕ್ಷಿಣ್ಯ. ಆಧಾರ್, ಫೋಟೊ, ಸಹಿ ಎಲ್ಲ ಅಕ್ಕನದೇ, ದುಡ್ಡು ಮಾತ್ರ ಅವಳದು. ವರದಿಯಲ್ಲಿ ಇದು ಜಾಮೀನೂ ಅಲ್ಲ, ಜಂಟಿಯೂ ಅಲ್ಲ. ‘ವೈಯಕ್ತಿಕ’ ಎಂದೇ ಕೂರುತ್ತದೆ. ದುಡ್ಡು ಯಾರ ಕೈಗೆ ಹೋಯಿತೆಂದು ಕೇಳುವ ಕಾಲಂ ಅಲ್ಲಿ ಇಲ್ಲ. 2025ರ ಜನವರಿಯಲ್ಲಿ ಇಂಥ ಸಾಲದ ವಸೂಲಿಗೆ ಹೆದರಿ ನಂಜನಗೂಡು ತಾಲ್ಲೂಕಿನ ಕೆಲವು ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟದ್ದು ಸುದ್ದಿಯಾಯಿತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆ ತಂದಿತು. ಅದು ಬಾಗಿಲಲ್ಲಿ ನಿಂತು ಕೂಗಾಡುವವನನ್ನು ತಡೆಯಬಹುದು. ನೋಂದಾಯಿತ ಕಂಪನಿಯ ಸಾಲದ ನಮೂದನ್ನು ಅಳಿಸುವ ಕಾನೂನಲ್ಲ ಅದು.

ವರದಿ ನೋಡಲು ದುಡ್ಡು ಬೇಕಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಮೊದಲು ನೋಡಬೇಕಾದದ್ದು ಸ್ಕೋರನ್ನಲ್ಲ, ಒಡೆತನದ ಕಾಲಮನ್ನು. ಆ್ಯಡ್-ಆನ್ ಕಾರ್ಡು ‘ವೈಯಕ್ತಿಕ’ ಎಂದು ಬಿದ್ದಿದ್ದರೆ ಅಥವಾ ತೀರಿದ ಜಾಮೀನು ಇನ್ನೂ ತೆರೆದೇ ಇದ್ದರೆ ಆ ಕಂಪನಿಗೋ ಬ್ಯಾಂಕಿಗೋ ದೂರು ಕೊಡಬಹುದು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ 30 ದಿನದೊಳಗೆ ದೂರು ಇತ್ಯರ್ಥವಾಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ದೂರುದಾರರಿಗೆ ಸಲ್ಲಬೇಕು.