ಯದುಗಿರಿಯ ಕಾಲುದಾರಿಯೂ ಊರಿನ ಆರೋಗ್ಯವೂ

ಪ್ರತಿವರ್ಷ ಕಾರ್ತಿಕಮಾಸದಲ್ಲಿ ರಾಜಮುಡಿ ಉತ್ಸವವು ನಡೆಯುವ ದಿನಗಳಲ್ಲಿ, ಯದುಗಿರಿಯೆನಿಸಿದ ಮೇಲುಕೋಟೆಯ ಶ್ರೀ ಚೆಲುವನಾರಾಯಣಸ್ವಾಮಿಯ ಪಾದುಕೆಗಳು ಕಲ್ಯಾಣಿಯಿಂದ ಹೊರಟು, ವೇದಪುಷ್ಕರಿಣಿ, ಧನುಷ್ಕೋಟಿ, ದರ್ಭತೀರ್ಥ, ಪಲಾಶತೀರ್ಥ, ಯಾದವತೀರ್ಥ, ಪದ್ಮತೀರ್ಥ ಮೊದಲಾಗಿ ಗಿರಿಯ ಸುತ್ತಲಿನ ಬಂಡೆ, ಕುರುಚಲು ಕಾಡು, ಕಣಿವೆಗಳ ನಡುವೆ ಚೆದುರಿರುವ ತೀರ್ಥಸ್ಥಾನಗಳನ್ನು ಸಂದರ್ಶಿಸುತ್ತ ಸಾಗುವಾಗ, ಅವುಗಳ ಹಿಂದೆ ಸೀಮೆಯ ಹಳ್ಳಿಹಳ್ಳಿಗಳಿಂದ ಬಂದ ಜನಸ್ತೋಮವು ಕಾಲ್ನಡಿಗೆಯಲ್ಲಿಯೇ ಹಿಂಬಾಲಿಸುವುದುಂಟು. ಪಂಚಾಂಗದವರು ಇದನ್ನು ಅಷ್ಟತೀರ್ಥೋತ್ಸವವೆನ್ನುತ್ತಾರೆ. ಹಳ್ಳಿಗರಿಗೆ ಇದು ತೊಟ್ಟಿಲಮಡುವಿನ ಜಾತ್ರೆ. ಸಂತಾನಾಪೇಕ್ಷೆಯಿಂದ ಬಂದ ದಂಪತಿಗಳು, ಹರಕೆ ಸಂದಮೇಲೆ ಮಗುವನ್ನೆತ್ತಿಕೊಂಡು ಬಂದ ತಾಯಂದಿರು, ಮೊಮ್ಮಕ್ಕಳ ಕೈಹಿಡಿದ ಅಜ್ಜಿಯರು, ಪಾರಾಯಣದ ಗೋಷ್ಠಿಯವರು, ಮಂಗಳವಾದ್ಯದವರು, ಕಡಲೆಪುರಿ ಮಾರುವವರು, ಎಲ್ಲರೂ ಒಂದೇ ಇಕ್ಕಟ್ಟಾದ ದಾರಿಯಲ್ಲಿ, ಮುಂದಿನವರ ಹೆಜ್ಜೆಗೆ ಹಿಂದಿನವರು ಹೆಜ್ಜೆಗೊಡುತ್ತ, ಬಳಲಿದವರಿಗಾಗಿ ಬಲವುಳ್ಳವರು ನಿಂತು ಕಾಯುತ್ತ ನಡೆಯುವ ಈ ದಿನವನ್ನು ಭಕ್ತಿಯ ದೃಷ್ಟಿಯಿಂದ ವರ್ಣಿಸಿದವರು ಅನೇಕರುಂಟು. ಸಮಾಜದ ಆರೋಗ್ಯದ ದೃಷ್ಟಿಯಿಂದ ಇದನ್ನು ವಿಚಾರಮಾಡಿದವರು ವಿರಳ. ಸಮುದಾಯವೊಂದನ್ನು ನಡೆಯಿಸುವುದಕ್ಕೆ ಬೇಕಾದ ಮೂರು ಸಾಧನಗಳು, ಎಂದರೆ ಗೊತ್ತಾದ ದಾರಿ, ಗೊತ್ತಾದ ದಿನ ಮತ್ತು ಜೊತೆಗಾರರು, ಇಲ್ಲಿ ಶತಮಾನಗಳಿಂದ ಸಿದ್ಧವಾಗಿಯೇ ಇವೆ. ಆದರೆ ಅವು ಒಟ್ಟುಗೂಡುವುದು ವರ್ಷದಲ್ಲಿ ಒಂದು ದಿನ ಮಾತ್ರ.

ಈ ಒಂದು ದಿನವನ್ನು ವರ್ಷವಿಡೀ ಹಬ್ಬಿಸುವುದು ಸಾಧ್ಯವೆಂದೂ, ಅದು ಊರಿನ ಸಂಘಸಂಸ್ಥೆಗಳೆಲ್ಲ ಒಟ್ಟಾಗಿ ಕೈಕೊಳ್ಳತಕ್ಕ ಕಾರ್ಯವೆಂದೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

ನಡಿಗೆಯು ದೇಹಕ್ಕೆ ಹಿತವೆಂಬುದು ಅಜ್ಜಿಯ ಕಾಲದಿಂದಲೂ ಎಲ್ಲರೂ ಬಲ್ಲ ಮಾತಾದರೂ, ಅದಕ್ಕೆ ಶಾಸ್ತ್ರದ ಆಧಾರವು ದೊರೆತುದು ಇತ್ತೀಚೆಗೆ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯನು ತನ್ನ ಸಹೋದ್ಯೋಗಿಗಳೊಡನೆ, ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿನೋಡಿ, ದಿನವೆಲ್ಲ ಕುಳಿತೇ ಇರುವ ಚಾಲಕರಿಗಿಂತ, ಟಿಕೇಟು ಕೊಡುತ್ತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗವು ಗಮನಾರ್ಹವಾಗಿ ಕಡಮೆಯೆಂಬುದನ್ನು ತೋರಿಸಿಕೊಟ್ಟನು. ಆ ನಿರ್ವಾಹಕರಲ್ಲಿ ಯಾರೂ ವ್ಯಾಯಾಮದ ಸಂಕಲ್ಪಮಾಡಿ ಮೆಟ್ಟಿಲು ಹತ್ತಿದವರಲ್ಲ. ಅವರ ವೃತ್ತಿಯೇ ಅವರನ್ನು ಹತ್ತಿಸಿತು. ನಮ್ಮ ಹಿಂದಿನ ತಲೆಮಾರಿನ ಗ್ರಾಮಜೀವನವೂ ಹೀಗೆಯೇ ಇದ್ದಿತು. ಜಕ್ಕನಹಳ್ಳಿಗೋ ಪಾಂಡವಪುರಕ್ಕೋ ಹೋಗಬೇಕಾದವನು ನಡೆದು ಹೋಗುತ್ತಿದ್ದನು. ನೀರಿಗೆ, ಸೌದೆಗೆ, ಸಂತೆಗೆ, ಶಾಲೆಗೆ, ನೆಂಟರ ಮನೆಗೆ ಹೋಗುವುದಕ್ಕೆಲ್ಲ ಕಾಲೇ ವಾಹನವಾಗಿದ್ದಿತು. ಈಗ ಗದ್ದೆಯ ಬದುವಿನವರೆಗೂ ಮೋಟಾರು ಸೈಕಲ್ಲು ಹೋಗುತ್ತದೆ. ಇದನ್ನು ನಾನು ದೂಷಿಸುವವನಲ್ಲ. ದಾರಿದ್ರ್ಯದ ನಡಿಗೆಯಿಂದ ಜನರು ಬಿಡುಗಡೆ ಹೊಂದಿದುದು ಸಂತೋಷದ ವಿಷಯವೇ. ಆದರೆ ಆ ಬಿಡುಗಡೆಯೊಡನೆ ಬಂದ ನಷ್ಟವನ್ನು ತುಂಬಿಕೊಳ್ಳುವ ವ್ಯವಸ್ಥೆಯನ್ನು ನಾವು ಮಾಡಿಕೊಂಡಿಲ್ಲ.

ನಷ್ಟದ ಪ್ರಮಾಣವು ಅಲ್ಪವಾದುದಲ್ಲ. ವಯಸ್ಕರು ವಾರಕ್ಕೆ ಕನಿಷ್ಠಪಕ್ಷ 150 ನಿಮಿಷಗಳ ಮಧ್ಯಮ ಪ್ರಯಾಸದ ಚಟುವಟಿಕೆಯಲ್ಲಿ ತೊಡಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ, ಭಾರತದ ವಯಸ್ಕರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಈ ಅಲ್ಪಪ್ರಮಾಣವನ್ನೂ ಮುಟ್ಟಲಾರದವರು. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ ನೂರಕ್ಕೆ 57. ಅದರ ಹಿಂದಿನ ವರ್ಷ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ನೆರವಿನ ಸಮೀಕ್ಷೆಯು, ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆಯೆಂದು ಅಂದಾಜು ಮಾಡಿದ್ದಿತು. ಇದು ಪಟ್ಟಣಗಳ ಕಾಯಿಲೆ ಮಾತ್ರವೆಂದು ಭಾವಿಸಿ ಸಮಾಧಾನಪಟ್ಟುಕೊಳ್ಳುವ ಕಾಲವು ಕಳೆದುಹೋಯಿತು. ಕನ್ನಂಬಾಡಿಯ ಅಣೆಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಪ್ರಾರಂಭವಾದ ಮಂಡ್ಯದ ಸಕ್ಕರೆ ಕಾರ್ಖಾನೆ, ಇವುಗಳಿಂದ ಸಮೃದ್ಧವಾದ ಈ ಜಿಲ್ಲೆಯ ಹಳ್ಳಿಗಳಲ್ಲಿಯೂ ಸಂಜೆಯ ಜಗಲಿಯ ಮಾತಿನಲ್ಲಿ ಮಳೆಬೆಳೆಯ ಜೊತೆಗೆ ರಕ್ತದೊತ್ತಡದ ಮಾತ್ರೆಗಳ ಪ್ರಸ್ತಾಪವೂ ಬರತೊಡಗಿದೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ, ಅದು ನ್ಯಾಯವಾದುದೂ ಹೌದು. ಬೆಳಗಿನಿಂದ ಸಂಜೆಯವರೆಗೆ ನಾಟಿಹಾಕುವ, ಕಳೆ ಕೀಳುವ, ಕಬ್ಬು ಕಡಿಯುವ ಕೂಲಿಯ ಹೆಂಗಸಿಗೆ ನಡಿಗೆಯ ಮಹಿಮೆಯನ್ನು ಬೋಧಿಸುವುದು ಅವಿವೇಕವಲ್ಲವೆ? ಬೋಧಿಸುವುದು ಅವಿವೇಕವೇ ಸರಿ. ಆದರೆ ಬಗ್ಗಿದ ಬೆನ್ನಿನ ದುಡಿಮೆ ಬೇರೆ, ತಲೆಯೆತ್ತಿ ತನ್ನವರೊಡನೆ ಮಾತನಾಡುತ್ತ ಇಷ್ಟಬಂದಷ್ಟು ದೂರ ಹೋಗಿಬರುವ ಸ್ವಾತಂತ್ರ್ಯ ಬೇರೆ. ಕೆಲಸದ ನೆವವಿಲ್ಲದೆ ಹಳ್ಳಿಯ ಹೆಣ್ಣುಮಗಳು ಮನೆಯಿಂದ ಹೊರಬಿದ್ದರೆ ಎಲ್ಲಿಗೆ, ಏಕೆ, ಯಾರೊಡನೆ ಎಂಬ ಪ್ರಶ್ನೆಗಳು ಅವಳಿಗಿಂತ ಮುಂಚೆಯೇ ಬೀದಿಯ ತಿರುವನ್ನು ತಲಪಿರುತ್ತವೆ. ಆ ಪ್ರಶ್ನೆಗಳನ್ನು ಒಂದು ದಿನದ ಮಟ್ಟಿಗೆ ಮೌನಗೊಳಿಸುವ ಶಕ್ತಿ ತೊಟ್ಟಿಲಮಡುವಿನ ಜಾತ್ರೆಗುಂಟು. ಅಲ್ಲಿ ನಡೆಯುವ ಹೆಂಗಸನ್ನು ಯಾರೂ ತಡೆಯಲಾರರು, ಏಕೆಂದರೆ ಊರಿಗೆ ಊರೇ ಅವಳ ಜೊತೆ ನಡೆಯುತ್ತಿರುತ್ತದೆ. ಗಂಡಸರಿಗೂ ಹೆಂಗಸರಿಗೂ ನಡುವೆ ಮೇಲೆ ಹೇಳಿದ ಹದಿನೈದು ಅಂಶಗಳ ಅಂತರಕ್ಕೆ ಮನೆಗೆಲಸದ ಹೊರೆಯೊಂದೇ ಕಾರಣವಲ್ಲ, ಹೊರಬೀಳುವುದಕ್ಕೆ ಸಮಾಜದ ಸಮ್ಮತಿಯಿಲ್ಲದಿರುವುದೂ ಕಾರಣವೆಂಬುದು ನನ್ನ ದೃಢವಾದ ನಂಬಿಕೆ. ವೈದ್ಯನು ಬರೆದುಕೊಡುವ ಚೀಟಿಯು ಈ ಸಮ್ಮತಿಯನ್ನು ದೊರಕಿಸಲಾರದು. ಸಂಘವು ದೊರಕಿಸಬಲ್ಲುದು.

ಇನ್ನೊಂದು ವರ್ಗದವರ ಏಕಾಂತವೂ ಇಲ್ಲಿ ವಿಚಾರಾರ್ಹ. ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಸಮುದ್ರದಾಚೆಗೋ ಹೋಗಿ ನೆಲೆಸಿದಮೇಲೆ, ಅಗ್ರಹಾರದ ಉದ್ದನೆಯ ಮನೆಗಳಲ್ಲಿಯೂ, ಸುತ್ತಲಿನ ಹಳ್ಳಿಗಳ ತೊಟ್ಟಿಮನೆಗಳಲ್ಲಿಯೂ ಉಳಿದಿರುವ ವೃದ್ಧರಿಗೆ ಮಂಡಿನೋವಿಗಿಂತಲೂ ಮಾತನಾಡುವವರಿಲ್ಲದ ನೋವೇ ದೊಡ್ಡದು. ಅಂಥವರನ್ನು ದಿನಕ್ಕೊಮ್ಮೆ ಬಾಗಿಲಿಗೆ ಬಂದು ಕರೆಯುವ ನಾಲ್ಕು ಜನರಿದ್ದರೆ, ಪಂಚಕಲ್ಯಾಣಿಯ ಒಂದು ಸುತ್ತೇ ಅವರಿಗೆ ಸಾಕಾಗುವ ಔಷಧ.

ಕರೆಯುವವರು ಯಾರು? ಮೇಲುಕೋಟೆಯು ಈ ವಿಷಯದಲ್ಲಿ ಬಡ ಊರಲ್ಲ. ಜಯಪ್ರಕಾಶ ನಾರಾಯಣರ ಒಡನಾಡಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟ್ ಅನಾಥಬಾಲಕರ ಪಾಲನೆ, ಖಾದಿ, ನೈಸರ್ಗಿಕ ಕೃಷಿ ಎಂದು ಗಾಂಧೀಮಾರ್ಗದ ಕಾರ್ಯಗಳನ್ನು ಇಲ್ಲಿ ನಡಸಿಕೊಂಡು ಬಂದಿದೆ. ಸಂಸ್ಕೃತ ಸಂಶೋಧನ ಸಂಸತ್ತು ಇದೇ ಗಿರಿಯ ಮೇಲಿದೆ. ಈ ಬೆಟ್ಟ, ಕೊಳ, ಮಲೆದೇಗುಲಗಳನ್ನು ಕನ್ನಡ ಕಾವ್ಯದಲ್ಲಿ ಚಿರಸ್ಥಾಯಿಯಾಗಿಸಿದ ಪು.ತಿ.ನ. ಅವರು 1905ರಲ್ಲಿ ಜನಿಸಿದುದು ಈ ಊರಿನಲ್ಲಿಯೇ. ಅವರ ಮನೆ ಈಗ ಸ್ಮಾರಕವಾಗಿದೆ. ಇವುಗಳಲ್ಲದೆ ಶಾಲೆಗಳುಂಟು, ಸ್ತ್ರೀಶಕ್ತಿ ಗುಂಪುಗಳುಂಟು, ಹಾಲಿನ ಸಹಕಾರ ಸಂಘಗಳುಂಟು, ಭಜನಾಮಂಡಲಿಗಳುಂಟು, ಆರೋಗ್ಯಕೇಂದ್ರವೂ ಆಶಾ ಕಾರ್ಯಕರ್ತೆಯರೂ ಉಂಟು. ಒಬ್ಬೊಬ್ಬರದು ಒಂದೊಂದು ಪುಣ್ಯಕಾರ್ಯ. ಆದರೆ ಇವರೆಲ್ಲರನ್ನೂ ಒಂದೇ ಚಾಪೆಯ ಮೇಲೆ ಕುಳ್ಳಿರಿಸುವ ಸಾಮಾನ್ಯವಾದ ವಿಷಯವೊಂದು ಬೇಕು. ಕಾಲುದಾರಿಗಿಂತ ನಿರ್ವಿವಾದವಾದ ವಿಷಯವು ಮತ್ತೊಂದಿರಲಾರದು.

ದಾರಿಯು ನಿರ್ವಿವಾದವೆಂದೆನಷ್ಟೆ, ದಾರಿಯ ಒಡೆತನವು ಮಾತ್ರ ಹಾಗಲ್ಲ. ದೇವಾಲಯವು ಮುಜರಾಯಿ ಇಲಾಖೆಯದು, ಪ್ರಾಚೀನ ಕಟ್ಟಡಗಳ ರಕ್ಷಣೆ ಪುರಾತತ್ತ್ವದವರದು, ಬೀದಿಗಳು ಪಂಚಾಯತಿಯವು, ಬೆಟ್ಟಗಳ ಬಹುಭಾಗವು, ತೋಳಗಳ ಸಂರಕ್ಷಣೆಗಾಗಿ 1974ರಲ್ಲಿ ಘೋಷಿತವಾಗಿ ಸುಮಾರು 50 ಚದರ ಕಿಲೋಮೀಟರುಗಳಷ್ಟು ಹರಡಿಕೊಂಡಿರುವ ವನ್ಯಜೀವಿಧಾಮಕ್ಕೆ ಸೇರಿದ್ದು, ಅರಣ್ಯ ಇಲಾಖೆಯ ಅಧೀನದಲ್ಲಿದೆ. ಹೀಗೆ ಹಲವರ ವಶದಲ್ಲಿರುವ ನೆಲದ ಮೇಲೆ ಹಾದುಹೋಗುವ ಕಾಲುದಾರಿಯು ಯಾರ ಲೆಕ್ಕದ ಪುಸ್ತಕದಲ್ಲಿಯೂ ಕಾಣಿಸಿಕೊಳ್ಳದೆ, ಉತ್ಸವ ಬಂದಾಗ ಮುಳ್ಳುಕಂಟಿಗಳನ್ನು ಕಳೆದುಕೊಂಡು, ಉತ್ಸವ ಮುಗಿದಮೇಲೆ ಅವನ್ನೇ ಮರಳಿ ತೊಟ್ಟುಕೊಳ್ಳುತ್ತದೆ. ಅಧಿಕಾರಿಗಳ ಔದಾಸೀನ್ಯವನ್ನು ಇಲ್ಲಿ ಹಳಿಯುವುದು ಸುಲಭ, ಆದರೆ ಸರಿಯಲ್ಲ. ನಾಲ್ವರು ಅಧಿಕಾರಿಗಳಲ್ಲಿ ಪ್ರತಿಯೊಬ್ಬನೂ ಕರ್ತವ್ಯನಿಷ್ಠನಾಗಿದ್ದರೂ ದಾರಿಯು ಮುಚ್ಚಿಹೋಗುವುದು ಸಾಧ್ಯ; ಪ್ರತಿಯೊಬ್ಬನ ಕರ್ತವ್ಯವೂ ತನ್ನ ಎಲ್ಲೆಯಲ್ಲಿ ನಿಲ್ಲುತ್ತದೆ, ದಾರಿಯು ನಿಲ್ಲುವುದಿಲ್ಲ. ಎಲ್ಲೆಗಳನ್ನು ದಾಟಿ ನಡೆಯುವ ಊರವರೇ ಎಲ್ಲೆಗಳ ನಡುವೆ ಮಾತನ್ನೂ ನಡೆಯಿಸಬೇಕು.

ಹೊರದೇಶಗಳಲ್ಲಿ ಇದು ನಡೆದಿದೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹೆಬ್ಡನ್ ಬ್ರಿಜ್ ಎಂಬ ಗುಡ್ಡಗಾಡಿನ ಸಣ್ಣ ಪಟ್ಟಣವು 2007ರಲ್ಲಿ ತನ್ನನ್ನು ನಡೆಯುವವರಿಗೆ ಸ್ವಾಗತವೀಯುವ ಊರೆಂದು ಸಾರಿಕೊಂಡು, ಕಾಲುದಾರಿಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯನ್ನು ಊರವರೇ ಹೊತ್ತ ಮೇಲೆ, ಆ ಮೇಲ್ಪಂಕ್ತಿಯನ್ನು ಬ್ರಿಟನ್ನಿನ ಅನೇಕ ಊರುಗಳು ಅನುಸರಿಸಿದುವು. ಅದಕ್ಕೂ ಮೊದಲು, 1990ರ ದಶಕದ ಮಧ್ಯದಲ್ಲಿ, ಸಾನಿಂಗ್ ಕಾಮನ್ ಎಂಬ ಹಳ್ಳಿಯಲ್ಲಿ ವಿಲಿಯಂ ಬರ್ಡ್ ಎಂಬ ವೈದ್ಯನು ತನ್ನ ರೋಗಿಗಳಿಗಾಗಿ ಸಾಮೂಹಿಕ ನಡಿಗೆಯನ್ನು ಏರ್ಪಡಿಸಿದುದು ಆ ದೇಶದ ಆರೋಗ್ಯನಡಿಗೆಯ ದೊಡ್ಡ ಚಳವಳಿಗೆ ಬೀಜವಾಯಿತು. ಆದರೆ ನಮಗೆ ಮಾದರಿಗಾಗಿ ಅಷ್ಟು ದೂರ ಹೋಗುವ ಅವಶ್ಯಕತೆಯಾದರೂ ಏನು? ಯುಗಾದಿಯ ಮುನ್ನ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆಯಿಂದ ಶ್ರೀಶೈಲದ ಮಲ್ಲಿಕಾರ್ಜುನನ ಸನ್ನಿಧಿಗೆ ನೂರಾರು ಮೈಲಿ ನಡೆದುಹೋಗುವ ಜನಪ್ರವಾಹಕ್ಕೆ, ದಾರಿಯುದ್ದಕ್ಕೂ ಹಳ್ಳಿಯ ಜನ ನೆರಳಿಗೆ ಚಪ್ಪರ ಹಾಕುತ್ತಾರೆ, ಮಜ್ಜಿಗೆ ರೊಟ್ಟಿಗಳ ದಾಸೋಹ ನಡಸುತ್ತಾರೆ, ಬೊಬ್ಬೆಯೆದ್ದ ಕಾಲುಗಳಿಗೆ ಎಣ್ಣೆಯಿಟ್ಟು ನೀವುತ್ತಾರೆ. ನಮ್ಮ ಮಂಡ್ಯ ಜಿಲ್ಲೆಯಿಂದಲೇ ಮಲೆಯ ಮಹದೇಶ್ವರನ ಬೆಟ್ಟಕ್ಕೆ ನಡೆದುಹೋಗುವ ಪರಿಷೆಯಲ್ಲಿಯೂ ಈ ಆದರವು ಕಾಣಬರುತ್ತದೆ. ನಡೆಯುವವನೊಬ್ಬ, ಅವನನ್ನು ನಡೆಯಿಸುವವರು ಹತ್ತು ಮಂದಿ. ಈ ಹತ್ತು ಮಂದಿಯ ಕಲೆಯು ನಮ್ಮ ಜನಕ್ಕೆ ರಕ್ತಗತವಾದುದು.

ಮೇಲುಕೋಟೆಯಲ್ಲಿ ಯಾತ್ರಿಕರ ಅನುಕೂಲಕ್ಕೆಂದು ಏನನ್ನಾದರೂ ಮಾಡಹೊರಟಾಗ, ಮೊದಲು ಹೊಳೆಯುವುದು ಅಗಲವಾದ ರಸ್ತೆ ಮತ್ತು ವಾಹನಗಳ ನಿಲ್ದಾಣ. ವೈರಮುಡಿ ಉತ್ಸವದ ರಾತ್ರಿ ಲಕ್ಷಾಂತರ ಜನ ನೆರೆಯುವ ಊರಿಗೆ ಇವು ಬೇಡವೆನ್ನಲಾಗದು. ಆದರೆ ಯೋಗಾನರಸಿಂಹನ ಸೋಪಾನಗಳನ್ನೂ, ಅಕ್ಕತಂಗಿಕೊಳದಿಂದ ರಾಯಗೋಪುರದವರೆಗಿನ ಹಾದಿಯನ್ನೂ, ಹೊಸ ಅನುಕೂಲಗಳು ನಿರುಪಯುಕ್ತವಾಗಿಸಬಾರದು. 2022ರಲ್ಲಿ ಚಾಮುಂಡಿಬೆಟ್ಟಕ್ಕೆ ರೋಪ್‌ವೇ ಹಾಕುವ ಸರ್ಕಾರದ ಪ್ರಸ್ತಾವವು ಮೈಸೂರಿನ ನಾಗರಿಕರ ವಿರೋಧದ ನಂತರ ಕೈಬಿಟ್ಟುಹೋದುದನ್ನು ಇಲ್ಲಿ ನೆನೆಯಬೇಕು. ದೊಡ್ಡದೇವರಾಜ ಒಡೆಯರ ಕಾಲದಲ್ಲಿ ನಿರ್ಮಿತವಾದ ಸಹಸ್ರಸೋಪಾನವನ್ನು ದಿನವೂ ಹತ್ತುವ ಜನರು ಆ ನಗರದಲ್ಲಿಲ್ಲದೆ ಹೋಗಿದ್ದರೆ, ಬೆಟ್ಟದ ಪರವಾಗಿ ಎದ್ದ ಧ್ವನಿಗೆ ಅಷ್ಟು ಬಲವಿರುತ್ತಿತ್ತೆ ಎಂಬುದು ಸಂದೇಹ. ಪಾದಚಾರಿಗೆ ಅಡೆತಡೆಯಿಲ್ಲದ ದಾರಿಯು ಜೀವಿಸುವ ಹಕ್ಕಿನ ಅಂಗವೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿರುವುದರಿಂದ, ಊರವರ ಕೇಳಿಕೆಗೆ ಈಗ ಧರ್ಮದ ಬೆಂಬಲದ ಜೊತೆಗೆ ಕಾನೂನಿನ ಬೆಂಬಲವೂ ಇದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು, ಅಸ್ಪೃಶ್ಯರೆನಿಸಿದ್ದವರನ್ನು ತಿರುಕುಲದವರೆಂದು ಗೌರವಿಸಿ, ವರ್ಷದ ಕೆಲವು ದಿನ ದೇವಾಲಯ ಪ್ರವೇಶಕ್ಕೆ ಅವಕಾಶವಿತ್ತರೆಂಬುದು ಈ ಕ್ಷೇತ್ರದ ಪರಂಪರೆ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ಆ ಕಾಲಕ್ಕೆ ಅದು ಮಹತ್ಕಾರ್ಯ. ಆದರೆ ಕೆಲವು ದಿನಗಳಿಗೆ ಮಿತವಾದ ಅವಕಾಶವೆಂಬುದರಲ್ಲಿಯೇ ಉಳಿದ ದಿನಗಳ ಕಥೆಯೂ ಅಡಗಿದೆ. ನಡಿಗೆಯ ಕೂಟವು ಅಗ್ರಹಾರದವರದೊಂದು, ಕೇರಿಯವರದೊಂದು ಎಂದು ಒಡೆಯುವುದಾದರೆ, ಅಥವಾ ದೇವರಿಗೆ ಕೈಮುಗಿಯದವರು ಅದರಲ್ಲಿ ಪರಕೀಯರೆನಿಸುವುದಾದರೆ, ಅದನ್ನು ಕಟ್ಟದಿರುವುದೇ ಲೇಸು. ಆದುದರಿಂದ ಇದರ ಮುಂದಾಳ್ತನವನ್ನು ದೇವಾಲಯದ ಆಡಳಿತವೂ ಅಲ್ಲ, ಯಾವ ಒಂದು ಜನಾಂಗದ ಸಂಘವೂ ಅಲ್ಲ, ಎಲ್ಲರ ಮತಕ್ಕೂ ಉತ್ತರವಾದಿಯಾದ ಗ್ರಾಮಪಂಚಾಯತಿಯೇ ವಹಿಸತಕ್ಕುದು.

ಕಾರ್ಯದ ವಿವರಗಳು ಕಷ್ಟವಾದುವಲ್ಲ. ಈ ಬೆಟ್ಟಗಳಲ್ಲಿ ಚಿರತೆಯ ಸಂಚಾರವಿರುವುದರಿಂದ, ನಸುಕಿನ ಕತ್ತಲೆಯಲ್ಲಿ ಒಬ್ಬೊಬ್ಬರೇ ಹೋಗುವುದು ತರವಲ್ಲ. ಬಿಸಿಲು ಮೂಡಿದಮೇಲೆ ಗುಂಪಾಗಿ ಹೋಗಬೇಕು, ಅಭಯಾರಣ್ಯದೊಳಗಿನ ಭಾಗಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನೂ ಅವರ ಕಾವಲುಗಾರನನ್ನೂ ಜೊತೆಗೆ ಪಡೆಯಬೇಕು. ಡೈರಿಗೆ ಹಾಲು ಹಾಕಿದ ಮೇಲಿನ ಹೊತ್ತು ಹೆಂಗಸರಿಗೆ ಅನುಕೂಲವೇ, ಸಂಜೆಯ ಹೊತ್ತೇ ಎಂಬುದನ್ನು ಸ್ತ್ರೀಶಕ್ತಿ ಗುಂಪಿನವರೇ ನಿಶ್ಚಯಿಸಲಿ. ಗಂಡಸರು ನಿಶ್ಚಯಿಸಿದ ವೇಳೆಗೆ ಹೆಂಗಸರು ಬರಲಿಲ್ಲವೆಂದು ಆಮೇಲೆ ಆಕ್ಷೇಪಿಸುವುದು ಬೇಡ. ವೃದ್ಧರಿಗೆ ಕಲ್ಯಾಣಿಯ ಸುತ್ತು, ಬಲವುಳ್ಳವರಿಗೆ ಧನುಷ್ಕೋಟಿಯ ದಾರಿ, ತಿಂಗಳಿಗೊಮ್ಮೆ ಎಲ್ಲರೂ ಸೇರಿ ಅಷ್ಟತೀರ್ಥಗಳಲ್ಲಿ ಒಂದೋ ಎರಡೋ. ದಾರಿಯ ಒಂದೊಂದು ಭಾಗದ ಮುಳ್ಳು ಸವರುವ, ಪ್ಲಾಸ್ಟಿಕ್ಕು ಹೆಕ್ಕುವ ಹೊಣೆಯನ್ನು ಒಂದೊಂದು ಶಾಲೆ, ಸಂಘ, ಮಂಡಲಿ ವಹಿಸಿಕೊಳ್ಳಬಹುದು. ನಡೆಯುವವರ ರಕ್ತದೊತ್ತಡ, ಸಕ್ಕರೆಗಳನ್ನು ಆರು ತಿಂಗಳಿಗೊಮ್ಮೆ ಆರೋಗ್ಯಕೇಂದ್ರದವರು ನೋಡಬಹುದು. ನಡೆದುಬಂದವರು ಒಟ್ಟಿಗೆ ಕುಳಿತು ಈ ಊರಿನ ಪುಳಿಯೋಗರೆಯನ್ನು ಒಂದು ತುತ್ತು ತಿನ್ನುವುದಕ್ಕೆ ಯಾವ ವೈದ್ಯನ ಅಡ್ಡಿಯೂ ಇರಲಾರದು.

ಹೊಸ ಅನುದಾನಕ್ಕಾಗಿ ಕಾಯುವ ಅಗತ್ಯವಿಲ್ಲ. ರಾಜಮುಡಿಯ ಸಮಯದಲ್ಲಿ ತೀರ್ಥಗಳ ದಾರಿಯು ಹೇಗೂ ಸವರಲ್ಪಟ್ಟಿರುತ್ತದೆ. ಜಾತ್ರೆ ಮುಗಿದ ಮರುವಾರವೇ ಪಂಚಾಯತಿಯು ಇವರೆಲ್ಲರನ್ನೂ ಕರೆದು, ಯಾವ ಭಾಗ ಯಾರದೆಂದು ಬರೆದುಕೊಂಡು, ಮೊದಲನೆಯ ನಡಿಗೆಯ ದಿನವನ್ನು ಗೊತ್ತುಮಾಡಬಹುದು. ಮುಂದಿನ ಫಾಲ್ಗುಣದಲ್ಲಿ ವೈರಮುಡಿಗೆ ಜನ ಬರುವ ಮುನ್ನ ಆ ಬರಹವನ್ನು ಗ್ರಾಮಸಭೆಯಲ್ಲಿ ಓದಿಸಿ, ಯಾವ ಭಾಗದ ದಾರಿ ತೆರೆದಿದೆ, ಯಾವುದು ಮುಚ್ಚಿದೆ, ಮುಚ್ಚಿದುದಕ್ಕೆ ಕಾರಣವೇನೆಂದು ಸಂಬಂಧಪಟ್ಟವರನ್ನು ಎಲ್ಲರೆದುರಿಗೆ ಕೇಳಬೇಕು.